ಚಿರತೆಗೆ ಕ್ಲಾಪ್ ಹೊಡೆದವನು

ಕೋಡಂಬಾಕ್ಕಮಿನ ಹಳಬರಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತದೆ. ಸ್ಟುಡಿಯೋದಲ್ಲಿ ಬಿಡಿಸಿಕೊಂಡ ಚಿರತೆಯೊಂದರ ಎದುರಿಗೆ ಹೋಗಿ ನಿಂತು, ಕೈಯಲ್ಲಿದ್ದ ಕ್ಲಾಪ್ ಹಲಗೆಯನ್ನು ಫಟ್ಟನೆ ಬಡಿದು, ಅದನ್ನು ನಾಯಿಮರಿಯ ಹಾಗೆ ಕೂರಿಸಿದ ಧೀರ ನಾನು ಎಂಬುದು ಅದರ ಸಾರ. ಕಥೆಯಲ್ಲಿ ಬರುವ ಸಂಗತಿಗಳೆಲ್ಲ ನಿಜ. ಚಿರತೆ ಇತ್ತು, ಬಿಡಿಸಿಕೊಂಡಿತ್ತು, ನಾನು ಎದುರಿಗೆ ನಿಂತಿದ್ದೆ, ಹಲಗೆ ಬಡಿದೆ, ಅದು ಕೂತಿತು. ಸುಳ್ಳಾಗಿರುವುದು ‘ಧೀರ’ ಎಂಬ ಒಂದು ಪದ ಮಾತ್ರ.

ಇದನ್ನು ಈಗ ಬರೆಯಲು ಕಾರಣವಿದೆ. ಹೊಸದಾಗಿ ಸಹಾಯಕ ನಿರ್ದೇಶಕರಾಗಿ ಸೇರಿದ ಇಬ್ಬರು ಮೊನ್ನೆ ಅಣ್ಣಾ ನಗರದ ನಮ್ಮ ಮನೆಗೆ ಬಂದಿದ್ದರು. “ಸರ್, ಅಂಥ ಹೊತ್ತಿನಲ್ಲಿ ನಿರ್ಧಾರ ಹೇಗೆ ತಗೊಂಡ್ರಿ?” ಎಂದು ಬಹಳ ಭಕ್ತಿಯಿಂದ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಕಾಫಿ ತಂದ ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಟ್ಟೇಬಿಟ್ಟಳು: “ತಾತಾವಾ? ಇಡ್ಲಿಯಾ ದೋಸೆಯಾನ್ನು ಮುಡಿವು ಪಣ್ಣವೇ ಅರೆ ಮಣಿ ನೇರಂ ಆಗುಂ!” ಇಡ್ಲಿಯೋ ದೋಸೆಯೋ ಎಂದು ತೀರ್ಮಾನಿಸಲಿಕ್ಕೇ ನನಗೆ ಅರ್ಧ ಗಂಟೆ ಬೇಕು ಎಂಬುದು ಮನೆಯವರೆಲ್ಲ ಬಲ್ಲ ಸತ್ಯ. ಆದ್ದರಿಂದ ಆ ಮಧ್ಯಾಹ್ನ ನಿರ್ಧಾರ ತೆಗೆದುಕೊಂಡವರು ಯಾರು, ಅದು ಅವರಿಗೆ ಹೇಗೆ ದಕ್ಕಿತು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು.

ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಬಿ.ಎ. ಮುಗಿಸಿ, ಬೇರೆ ಯಾವ ಕೆಲಸಕ್ಕೂ ಆ ಶಾಸ್ತ್ರ ಬೇಡವೆಂದು ತಿಳಿದ ಮೇಲೆ, ಐವತ್ತರ ದಶಕದ ನಡುವಿನಲ್ಲಿ ಮದರಾಸಿಗೆ ಬಂದೆ. ಸೋದರಮಾವ ರೈಲ್ವೆಯಲ್ಲಿದ್ದರು, ಅವರ ಮನೆಯ ಜಗಲಿ ನನ್ನ ಪಾಲಿಗೆ ಸಿಕ್ಕಿತು. ಆಗ ಕನ್ನಡ ಪಿಕ್ಚರುಗಳೂ ಕೋಡಂಬಾಕ್ಕಮಿನಲ್ಲೇ ತಯಾರಾಗುತ್ತಿದ್ದವು. ಆದರೆ ಶೂಟಿಂಗ್ ನಡೆಸುವ ಫ್ಲೋರು ಮೊದಲು ಸಿಗುತ್ತಿದ್ದದ್ದು ದೊಡ್ಡ ಕಂಪನಿಗಳಿಗೆ. ಅವರ ನಾಯಕನಿಗೆ ನೆಗಡಿಯಾಗಿ ಶೂಟಿಂಗ್ ನಿಂತರೆ ಆ ದಿನ ನಮಗೆ. ದೊಡ್ಡ ನಟರಿಗೆ ನೆಗಡಿ ಬರಲಿ ಎಂದು ವಡಪಳನಿ ಮುರುಗನಿಗೆ ಹರಕೆ ಹೊತ್ತವರು ನಮ್ಮಲ್ಲಿದ್ದರು.

ನಮ್ಮ ನಿರ್ದೇಶಕರು ವೀರಭದ್ರಪ್ಪನವರು. ಗದಗಿನ ಕಡೆಯವರು, ನಾಟಕ ಕಂಪನಿಯಲ್ಲಿ ಬೆಳೆದವರು. ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ತಲೆಯ ಮೇಲೆ ಯಾವಾಗಲೂ ಕರಿ ಟೊಪ್ಪಿಗೆ. ಕಷ್ಟದ ತೀರ್ಮಾನ ಎದುರಾದರೆ ಅದನ್ನು ತೆಗೆದು ಕೈಯಲ್ಲಿ ಹಿಡಿಯುವರು, ಒಮ್ಮೆ ಒಳಗೆ ನೋಡುವರು, ಆಮೇಲೆ ಮಾತು. ಒಳಗೆ ಏನಾದರೂ ಬರೆದಿದೆಯೋ ಎಂದು ನಾನೊಮ್ಮೆ ಕದ್ದು ಇಣುಕಿದ್ದೆ. ಎಣ್ಣೆಯ ಕಲೆ ಇತ್ತು.

ಅವರ ಹೆಂಡತಿ ಶಾಂತಾಬಾಯಿ, ನಮಗೆಲ್ಲ ಶಾಂತಕ್ಕ. ಅದೇ ನಾಟಕ ಕಂಪನಿಯಲ್ಲಿ ನಾಯಕಿಯಾಗಿದ್ದವರು. ಪಿಕ್ಚರಿನಲ್ಲಿ ತಾಯಿಯ ಪಾತ್ರಕ್ಕೆ ಬಂದಿದ್ದರು. ನಾನು ಮೂರನೆಯ ಸಹಾಯಕ. ಕ್ಲಾಪ್ ಬಡಿಯುವುದು, ಹಿಂದಿನ ಶಾಟಿನಲ್ಲಿ ಯಾರ ಬಳೆ ಯಾವ ಕೈಯಲ್ಲಿತ್ತು ಎಂದು ನೆನಪಿಡುವುದು, ನಿದ್ದೆ ಹೋದ ರಾಜನನ್ನು ಎಬ್ಬಿಸುವುದು ಇವೆಲ್ಲ ನನ್ನ ಪಾಲು. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಮಾಸ್ತರು ಮೊದಲ ದಿನವೇ ‘ಬಿ.ಎ.’ ಎಂದು ಕರೆದರು, ಅದೇ ಉಳಿಯಿತು.

ನಿರ್ಧಾರದ ವಿಷಯದಲ್ಲಿ ನನ್ನ ಮೊದಲ ಪಾಠ ಮಳೆಯಲ್ಲಿ ಆಯಿತು. ಸ್ಟುಡಿಯೋ ಬಯಲಿನಲ್ಲಿ ಪ್ಲಾಸ್ಟರಿನ ಅರಮನೆ ಕಟ್ಟಿದ್ದೆವು. ಪಕ್ಕದಲ್ಲಿ ಬಾಡಿಗೆಯ ಜನರೇಟರ್. ಕಾರ್ತಿಕದ ಮೋಡ ಇದ್ದಕ್ಕಿದ್ದಂತೆ ಕವಿಯಿತು. ಇದ್ದದ್ದು ಒಂದೇ ಟಾರ್ಪಾಲು. ಮಾಸ್ತರು ಊಟಕ್ಕೆ ಹೋಗಿದ್ದರು. “ಎದುಕ್ಕು ಪೋಡಣುಂ ಸಾರ್?” ಎಂದು ಆಳುಗಳು ನನ್ನನ್ನು ಕೇಳಿದರು, ಯಾವುದಕ್ಕೆ ಹೊದಿಸಬೇಕು ಎಂದು. ಮೊಟ್ಟಮೊದಲ ಬಾರಿಗೆ ಯಾರೋ ನನ್ನನ್ನು ಸಾರ್ ಎಂದಿದ್ದರು. ಆ ಗೌರವಕ್ಕೆ ತಕ್ಕಂತೆ ನ್ಯಾಯ ಕೊಡಬೇಕೆಂದು, ಅರ್ಧ ಅರಮನೆಗೂ ಅರ್ಧ ಜನರೇಟರಿಗೂ ಬರುವಂತೆ ಎಳೆದು ಕಟ್ಟಿಸಿದೆ. ಅರಮನೆಯ ಹೊರಗುಳಿದ ಗೋಪುರಗಳು ಕರಗಿ ಹಿಟ್ಟಾದವು. ಜನರೇಟರ್ ಎರಡು ಸಲ ಕೆಮ್ಮಿ ಸತ್ತಿತು.

ಮಾಸ್ತರು ಬಂದು ನೋಡಿದರು. ಬೈಯಲಿಲ್ಲ.

“ಬಿ.ಎ., ಅರ್ಧ ಅರ್ಧ ಅನ್ನೂದು ಹಂಚಿಕೊಂಡು ತಿನ್ನಾಕ ಚಲೋ. ಕಾಪಾಡಾಕ ಅಲ್ಲ.”

“ಎರಡೂ ಮುಖ್ಯ ಅನ್ನಿಸ್ತು ಮಾಸ್ತರೇ.”

“ಅದಕ್ಕಽ ಅಲ್ಲೇನು ನಿನ್ನ ಕೇಳಿದ್ದು? ಒಂದಽ ಮುಖ್ಯ ಇದ್ದಿದ್ರ ಟಾರ್ಪಾಲಽ ತಾನಾಗಿ ಹೋಗಿ ಮುಚ್ಚತಿತ್ತು.”

ಈಗ ಚಿರತೆಗೆ ಬರುತ್ತೇನೆ.

ಅದೊಂದು ಪೌರಾಣಿಕ ಪಿಕ್ಚರು. ಋಷಿಯ ತಾಯಿ ಪರ್ಣಕುಟಿಯ ಮುಂದೆ ಮಂಚದ ಮೇಲೆ ಕೂತಿದ್ದಾಳೆ. ಅವಳ ಪುಣ್ಯದ ಬಲದಿಂದ ಕಾಡಿನ ಚಿರತೆ ಹಿಂದೆ ಸಾಧುವಾಗಿ ಹಾದುಹೋಗುತ್ತದೆ. ತಾಯಿ ಶಾಂತಕ್ಕ. ಚಿರತೆ, ಊರಿಗೆ ಬಂದಿದ್ದ ಸರ್ಕಸ್ಸಿನದು, ಹೆಸರು ರಾಣಿ. ಜೊತೆಗೆ ಅದನ್ನು ಪಳಗಿಸಿದ ಮಲಬಾರಿನ ನಾಣು. ಮಂಚಕ್ಕೂ ಚಿರತೆ ನಡೆಯುವ ಜಾಗಕ್ಕೂ ನಡುವೆ, ಮರದ ಚೌಕಟ್ಟುಗಳಿಗೆ ತಂತಿಬಲೆ ಬಿಗಿದು ಸಾಲಾಗಿ ನಿಲ್ಲಿಸಿದ್ದರು. ಎಲೆ ಬಳ್ಳಿ ಹಬ್ಬಿಸಿ ಬಲೆ ಕಾಣದ ಹಾಗೆ ಮಾಡಿದ್ದರು. ಚಿರತೆಯ ಕೊರಳಿನ ಪಟ್ಟಿಗೆ ಸಣ್ಣ ಹಗ್ಗ. ಅದರ ತುದಿ ಕುಟಿಯ ಮರೆಯಲ್ಲಿದ್ದ ನಾಣುವಿನ ಕೈಯಲ್ಲಿ. ಬೋನು ಸೆಟ್ಟಿನ ಹಿಂದಿನ ಮೂಲೆಯಲ್ಲಿ.

ಮುಂಜಾನೆಯಿಂದಲೂ ಕ್ಯಾಮರಾದ ರಂಗನಾಥನ್‌ಗೆ ಒಂದೇ ತಕರಾರು. “ಮಾಸ್ಟರ್, ವಲೈ ಮಿನ್ನುದು.” ಬಲೆ ಮಿನುಗುತ್ತಿದೆ. ಮಸಿ ಬಳಿದರು. ಮಿನುಗಿತು. ಇನ್ನಷ್ಟು ಎಲೆ ಸಿಕ್ಕಿಸಿದರು. ಮಿನುಗಿತು. ಫ್ಲೋರು ನಮಗಿದ್ದದ್ದು ಆ ಸಂಜೆಯ ತನಕ. ಮಾರನೆಯ ದಿನ ಯಾರದೋ ನೆಗಡಿ ವಾಸಿಯಾಗುವುದಿತ್ತು.

“ಮಂಚದ ಹಿಂದಿನ ಎರಡು ಚೌಕಟ್ಟು ತಗಸ್ರಿ,” ಎಂದರು ಮಾಸ್ತರು. “ನಾಣು ಹಗ್ಗ ಹಿಡದಾನಲ್ಲ.”

ಇದನ್ನು ಹೇಳುವಾಗ ಅವರು ಟೊಪ್ಪಿಗೆ ತೆಗೆಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ನನಗದು ಕಂಡದ್ದು ಬಹಳ ದಿನ ಕಳೆದ ಮೇಲೆ, ನೆನಪಿನಲ್ಲಿ.

ಇನ್ನೊಂದು ಸಂಗತಿ. ಮುಂದಿನ ದೃಶ್ಯಕ್ಕೆಂದು ಆಶ್ರಮವಾಸಿಗಳ ವೇಷದಲ್ಲಿ ಹೆಂಗಸರೂ ಮಕ್ಕಳೂ ಬಂದಿದ್ದರು. ಊಟದ ಹೊತ್ತಾಗಿತ್ತು. “ಮದ್ಲ ಕೂಸುಗೋಳಿಗೆ ಹಾಕ್ರಿ, ಶಾಟ್ ಆಮ್ಯಾಲೆ ನೋಡೂಣು,” ಎಂದು ಮಾಸ್ತರೇ ಹೇಳಿ ಕಳಿಸಿದ್ದರು. ಅವರೆಲ್ಲ ಫ್ಲೋರಿನ ಬಾಗಿಲ ಹೊರಗೇ, ಬೇವಿನ ಮರದ ಕೆಳಗೆ ಎಲೆ ಹಾಕಿಕೊಂಡು ಕೂತಿದ್ದರು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು.

ರಿಹರ್ಸಲ್ ನಡೆಯುತ್ತಿತ್ತು. ದೀಪಗಳೆಲ್ಲ ಉರಿಯುತ್ತಿದ್ದವು, ಒಳಗೆ ಭಟ್ಟಿಯ ಸೆಕೆ. ರಾಣಿ ಎರಡು ಸಲ ಸಾಧುವಾಗಿ ಹಾದುಹೋಯಿತು. ಮೂರನೆಯ ಸಲ ನಡುವೆ ನಿಂತಿತು. ನಾಣು ಹಗ್ಗ ಎಳೆದ. ತಲೆ ಕೊಡವಿತು, ಹಳೆಯ ಪಟ್ಟಿ ಕಳಚಿ ನೆಲಕ್ಕೆ ಬಿತ್ತು. ಯಾವ ಅವಸರವೂ ಇಲ್ಲದೆ, ಪಕ್ಕದ ಮನೆಗೆ ಹೆಪ್ಪು ಕೇಳಲು ಹೊರಟ ಹೆಂಗಸಿನಂತೆ, ಅದು ಚೌಕಟ್ಟು ತೆಗೆದ ಸಂದಿಯಿಂದ ಈಚೆಗೆ ಬಂದು ಮಂಚದ ಕಾಲಿನ ಬಳಿ ನಿಂತಿತು.

“ಪುಲಿ! ಪುಲಿ!”

ಯಾರು ಕೂಗಿದರೋ; ತಮಿಳರ ಬಾಯಲ್ಲಿ ಚಿರತೆಯೂ ಪುಲಿಯೇ. ಸ್ಟೂಲುಗಳು ಉರುಳಿದವು. ಇದ್ದಬದ್ದವರೆಲ್ಲ ಬಾಗಿಲಿಗೆ ನುಗ್ಗಿದರು. ಮೇಕಪ್ಪಿನ ಗೋವಿಂದನ್ ಎಲ್ಲರಿಗಿಂತ ಮೊದಲು ತಲುಪಿ ಅಗುಳಿಗೆ ಕೈ ಹಾಕಿದ.

“ಗೋವಿಂದಾ, ತೊಡಾದೇ!” ಮುಟ್ಟಬೇಡ ಎಂದು ಮಾಸ್ತರು ತಮಿಳಿನಲ್ಲೇ ಕೂಗಿದರು. “ವೆಳಿಯೇ ಕೊಳಂದೈಂಗ ಸಾಪ್ಪಿಡುದು!” ಹೊರಗೆ ಮಕ್ಕಳು ಉಣ್ಣುತ್ತಿದ್ದಾರೆ.

ಯಾರಿಗೆ ಕೇಳಬೇಕು? ಹಿಂದಿನವರು ಮುಂದಿನವರನ್ನು ದೂಡುತ್ತಿದ್ದರು. ಬಾಗಿಲು ತೆರೆದರೆ ಇವರೆಲ್ಲ ಓಡುತ್ತಾರೆ, ಓಡುವವರ ಹಿಂದೆ ಅದೂ ಓಡುತ್ತದೆ. ಅಲ್ಲಿ ಕೈಯಲ್ಲಿ ತುತ್ತು ಹಿಡಿದ ಮಕ್ಕಳು. ತೆರೆಯದಿದ್ದರೆ ಒಳಗೆ ನಾವು. ಎಲ್ಲರಿಗಿಂತ ಹತ್ತಿರ, ಕೈ ಚಾಚಿದರೆ ಅದರ ಬೆನ್ನು ಮುಟ್ಟುವಷ್ಟು ಹತ್ತಿರ, ಮಂಚದ ಮೇಲೆ ಶಾಂತಕ್ಕ. ಇದನ್ನು ನಾನು ಈಗ ಕುರ್ಚಿಯಲ್ಲಿ ಕೂತು ವಿವರಿಸುತ್ತಿದ್ದೇನೆ. ಆಗ ನನ್ನ ತತ್ವಶಾಸ್ತ್ರ ಹೇಳಿದ್ದು ಒಂದೇ: ಬಾಗಿಲು ಎಲ್ಲಿದೆ?

ಮಾಸ್ತರು ಟೊಪ್ಪಿಗೆ ತೆಗೆದರು. ಒಳಗೆ ನೋಡಲಿಲ್ಲ. ನಾಟಕದ ಕಂಠವನ್ನು ಪೂರ್ತಿ ಬಿಟ್ಟು ಕೂಗಿದರು:

“ಸೈಲೆನ್ಸ್! ಟೇಕ್!”

ಈಗಿನವರಿಗೆ ಇದರ ಬೆಲೆ ತಿಳಿಯುವುದು ಕಷ್ಟ. ಈಗ ಮಾತನ್ನೆಲ್ಲ ಆಮೇಲೆ ಸೇರಿಸುತ್ತಾರೆ. ಶೂಟಿಂಗಿನಲ್ಲಿ ಸಂತೆಯೇ ಸೇರಿದ್ದರೂ ನಡೆಯುತ್ತದೆ. ಆಗ ಫ್ಲೋರಿನಲ್ಲಿ ಆಡಿದ ಮಾತೇ ಪಿಕ್ಚರಿನ ಮಾತು. ಟೇಕಿನ ನಡುವೆ ಕೆಮ್ಮಿ ಕೆಲಸ ಕಳೆದುಕೊಂಡವರನ್ನು ನಾನು ಬಲ್ಲೆ. ಸೊಳ್ಳೆ ಕಚ್ಚಿದರೂ ಟೇಕು ಮುಗಿಯುವ ತನಕ ಕಚ್ಚಿಸಿಕೊಳ್ಳುವುದು ನಮ್ಮ ಧರ್ಮ. ಆ ಒಂದು ಕೂಗಿಗೆ ಎಲ್ಲರೂ ಇದ್ದಲ್ಲೇ ಕಲ್ಲಾದರು. ಟೇಕಿನಲ್ಲಿ ಬಾಗಿಲು ಮುಟ್ಟಬಾರದೆಂದು ಗೋವಿಂದನ್ ಅಗುಳಿಯಿಂದ ಕೈ ತೆಗೆದ. ಬೇರೆ ಕೋಣೆಯಲ್ಲಿ ಕೂತು ಮೈಕಿನಲ್ಲಿ ಮಾತ್ರ ನಮ್ಮನ್ನು ಕೇಳುತ್ತಿದ್ದ ಸೌಂಡಿನವರು ಅಭ್ಯಾಸದಂತೆ ಗಂಟೆ ಒತ್ತಿದರು; ಹೊರಗೆ ಕೆಂಪು ದೀಪ ಹತ್ತಿತು. “ರನ್ನಿಂಗ್” ಎಂದು ಧ್ವನಿವರ್ಧಕದಲ್ಲಿ ಕೇಳಿತು. ಕ್ಯಾಮರಾದ ಮೋಟಾರು ಗುಯ್‌ಗುಟ್ಟಿತು. ರಂಗನಾಥನ್ ತಾನೇನು ಮಾಡುತ್ತಿದ್ದೇನೆಂದು ತಿಳಿಯದೆ ಸ್ವಿಚ್ಚು ಹಾಕಿಬಿಟ್ಟಿದ್ದರು.

ಮೋಟಾರು ಗುಯ್‌ಗುಟ್ಟಿದ ಮೇಲೆ ಮುಂದಿನದು ಯಾರ ಕೆಲಸ? ನನ್ನದು.

ನಾನು ಹೋದೆ. ಕಾಲು ತಾನಾಗಿ ನಡೆಯಿತು. ಕ್ಯಾಮರಾದ ಮುಂದೆ, ಎಂದಿನ ಜಾಗದಲ್ಲಿ, ಅದಕ್ಕೆ ಬೆನ್ನು ಹಾಕಿದ್ದೂ ತಿಳಿಯದೆ ನಿಂತು, ಹಲಗೆ ಎತ್ತಿ, ಸ್ಪಷ್ಟವಾಗಿ ಸೀನಿನ ನಂಬರು, ಶಾಟಿನ ನಂಬರು, “ಟೇಕ್ ಒನ್” ಎಂದು ಹೇಳಿ ಫಟ್ಟನೆ ಬಡಿದೆ. ಬಡಿದ ಮೇಲೆಯೇ ಹಲಗೆಯ ಆಚೆ ಎರಡು ಹಳದಿ ಕಣ್ಣು ಕಂಡದ್ದು.

ಅದು ಕೂತಿತು. ಹಿಂಗಾಲು ಮಡಚಿ, ಬಾಲ ಸುತ್ತಿಕೊಂಡು, ಶಾಲೆಯ ಮಗುವಿನಂತೆ ಕೂತಿತು. ಸರ್ಕಸ್ಸಿನಲ್ಲಿ ಚಾವಟಿ ಛಟ್ಟೆಂದರೆ ಕೂರಬೇಕೆಂದು ಅದಕ್ಕೆ ಕಲಿಸಿದ್ದರಂತೆ. ಇದನ್ನು ನಾಣು ಆಮೇಲೆ ಹೇಳಿದ. ಅದೂ ನನ್ನಂತೆಯೇ ಅಭ್ಯಾಸದ ಗುಲಾಮ. ಫ್ಲೋರಿನಲ್ಲಿ ಆಗ ಇಬ್ಬರು ಯೋಚನೆಯಿಲ್ಲದೆ ಕೆಲಸ ಮಾಡುತ್ತಿದ್ದೆವು. ಅದಕ್ಕಾದರೂ ಬಿ.ಎ. ಆಗಿರಲಿಲ್ಲ.

ಕ್ಲಾಪ್ ಬಡಿದವನು ಬಗ್ಗಿ ಪಕ್ಕಕ್ಕೆ ಸರಿಯಬೇಕು. ನಾನು ನಿಂತೇ ಇದ್ದೆ. ಅದರ ಉಸಿರು ನನಗೆ ತಾಗುತ್ತಿತ್ತು. ಹಸಿ ಮಾಂಸದ, ಒದ್ದೆ ಗೋಣಿಯ ವಾಸನೆ. ಇಂದಿಗೂ ಮಳೆಗಾಲದಲ್ಲಿ ಬಾಗಿಲಿಗೆ ಹಾಕಿದ ಗೋಣಿತಾಟು ನೆನೆದರೆ ನಾನು ಮನೆಯೊಳಗೆ ಮಂಚ ಹತ್ತುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಮಾಸ್ತರು ಸಣ್ಣ ದನಿಯಲ್ಲಿ ಕೇಳಿದರು: “ನಾಣು, ಎನ್ನಾ ಪಣ್ಣಣುಂ?” ಏನು ಮಾಡಬೇಕು?

“ಇರುಟ್ಟು ಕುಡುಂಗೋ. ಕೂಂಡುಕ್ಕು ತಾನಾ ಪೋಯಿಡುಂ.” ಕತ್ತಲೆ ಕೊಡಿ, ಬೋನಿಗೆ ತಾನೇ ಹೋಗುತ್ತದೆ.

ಮಾಸ್ತರು ತಲೆಯೆತ್ತಿ, ಮೇಲಿನ ಹಲಗೆಗಳಲ್ಲಿದ್ದ ಲೈಟಿನವರಿಗೆ, ದಿನಾ ಹೇಳುವ ರಾಗದಲ್ಲೇ ಹೇಳತೊಡಗಿದರು. ಹಿಂದಿನ ಮೂಲೆಯದು ಆರಿಸಿ. ಅದರ ಪಕ್ಕದ್ದು. ಇನ್ನೊಂದು. ಬೋನಿನ ಕಡೆ ಕತ್ತಲೆ ಬೆಳೆಯಿತು. ನಮ್ಮ ಕಡೆ ಬೆಳಕು ಸುಡುತ್ತಲೇ ಇತ್ತು. ರಾಣಿ ಎದ್ದಿತು. ಮಂಚವನ್ನು ಒಂದು ಸುತ್ತು ಹಾಕಿತು. ಅದರ ಬಾಲ ಶಾಂತಕ್ಕನ ಸೆರಗನ್ನು ಸವರಿತು. ಸಂದಿಯಿಂದ ಹಿಂದೆ ಸರಿದು ಕತ್ತಲೆಯೊಳಗೆ ಹೋಯಿತು. ಬೋನಿನ ಬಾಗಿಲು ದಢಾರನೆ ಬಿತ್ತು.

“ಕಟ್,” ಎಂದರು ಮಾಸ್ತರು.

ಆಮೇಲೆ ಶುರುವಾಯಿತು ಅಳು, ಕಿರುಚಾಟ. ನಾನು ಕೂತೆ ಎನ್ನುವುದಕ್ಕಿಂತ ನೆಲವೇ ಮೇಲೆ ಬಂದಿತು ಎನ್ನಬೇಕು. ಶಾಂತಕ್ಕ ಮಾತ್ರ ನಿಧಾನಕ್ಕೆ ಮಂಚದಿಂದಿಳಿದು ಗಂಡನ ಎದುರಿಗೆ ಬಂದು ನಿಂತರು.

“ಬಾಗಲಾ ತಗಿಬ್ಯಾಡ ಅಂದ್ರಿ.”

“ಹೊರಗ ಕೂಸುಗೋಳು ಇದ್ದುವು, ಶಾಂತಾ.”

“ಇದ್ದುವು. ನಾ ಎಲ್ಲಿದ್ದೆ?”

ಮಾಸ್ತರು ಟೊಪ್ಪಿಗೆಯ ಅಂಚನ್ನು ತಿರುವುತ್ತಿದ್ದರು.

“ಹೇಳ್ರಿ. ನಾ ಎಲ್ಲಿದ್ದೆ?”

“ಮಂಚದ ಮ್ಯಾಲೆ.”

“ಹಂಗಾರ ಗೊತ್ತಿತ್ತು.”

“ಗೊತ್ತಿತ್ತು.”

ಗಮನಿಸಲಿಲ್ಲ, ಗಾಬರಿಯಲ್ಲಿ ಹೊಳೆಯಲಿಲ್ಲ ಎಂದು ಹೇಳಬಹುದಿತ್ತು. ನಾನಾಗಿದ್ದರೆ ಅಷ್ಟೇ ಹೇಳುತ್ತಿದ್ದೆ, ಜೊತೆಗೆ ಸೌಂಡಿನವರನ್ನೂ ಬೈಯುತ್ತಿದ್ದೆ. ಶಾಂತಕ್ಕ ತಾವೇ ಅಗುಳಿ ತೆಗೆದು ಹೊರಗೆ ಹೋದರು. ಬಿಸಿಲು ಒಳಗೆ ಬಂತು. ಬೇವಿನ ಕೆಳಗೆ ಮಕ್ಕಳು ಸಾಂಬಾರಿನ ಕೈ ನೆಕ್ಕುತ್ತಿದ್ದವು. ಒಳಗೆ ನಡೆದದ್ದು ಒಂದಕ್ಕೂ ಗೊತ್ತಿಲ್ಲ. ಒಂದು ಹುಡುಗಿ ಇವರನ್ನು ಕಂಡು “ಅಮ್ಮಾ, ಅಪ್ಪಳಂ!” ಎಂದಿತು. ಶಾಂತಕ್ಕ ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಎತ್ತಿ ಸಾಲಿನ ಉದ್ದಕ್ಕೂ ಹಪ್ಪಳ ಬಡಿಸುತ್ತ ಹೋದರು. ಅರ್ಧ ಹಪ್ಪಳ ಎಲೆಗೆ ಬೀಳುವ ಮೊದಲೇ ಪುಡಿಯಾಗುತ್ತಿತ್ತು.

ಮಾರನೆಯ ದಿನ ಸ್ಟುಡಿಯೋ ಮಾಲೀಕರು ಹಾರ ತಂದರು. ಒಂದು ಮಾಸ್ತರಿಗೆ, ಒಂದು ನನಗೆ. ನಾನು ಕೊರಳು ಬಗ್ಗಿಸಿದೆ. ನನ್ನ ಸಮಯಪ್ರಜ್ಞೆಯನ್ನು ಹೊಗಳಿದಾಗ ವಿನಯದಿಂದ ನಕ್ಕೂಬಿಟ್ಟೆ. ಮಾಸ್ತರು ಹಾರವನ್ನು ಕೈಯಲ್ಲಿ ತಡೆದರು.

“ನಿನ್ನಿ ಮಧ್ಯಾಹ್ನ ಬಾಗಲಾ ಮುಚ್ಚಿಸಿದವನೂ ನಾನಽ, ಮುಂಜಾನಿ ತಂತಿಬಲಿ ತಗಸಿದವನೂ ನಾನಽ. ಅದಕ್ಕೂ ಒಂದು ಹಾರ ತಂದೀರೇನು?”

ಮಾಲೀಕರಿಗೆ ಅರ್ಥವಾಗಲಿಲ್ಲ. ಹಾರವನ್ನು ಕ್ಯಾಮರಾಕ್ಕೆ ಹಾಕಿದರು.

ಆ ದಿನ ಸಂಜೆ ಮಾಸ್ತರು ನನಗೆ ಹೇಳಿದ ಮಾತನ್ನು, ಈಗ ಕೆಲಸಕ್ಕೆ ಸೇರುತ್ತಿರುವವರಿಗೆ ಹಾಗೆಯೇ ದಾಟಿಸುತ್ತೇನೆ. “ನೋಡು ಬಿ.ಎ., ನಿನ್ನಿ ಮಧ್ಯಾಹ್ನದ ತೀರ್ಮಾನ ಕಷ್ಟದ್ದು ಅಂತ ಎಲ್ಲಾರೂ ಅಂತಾರ. ಕಷ್ಟ ಅಂತ ಗೊತ್ತಿತ್ತು, ಅದಕ್ಕ ಎಚ್ಚರ ಇದ್ದೆ. ಮುಂಜಾನಿದು ಸಸಾರ ಅನಿಸ್ತು ನೋಡು, ಅದಽ ನನ್ನ ಕೆಡವಿದ್ದು.”

ನಾನು ಆ ಮಾತನ್ನು ಬಿಟ್ಟು ಟೊಪ್ಪಿಗೆಯನ್ನು ಹಿಡಿದುಕೊಂಡೆ. ಅರವತ್ತರ ದಶಕದಲ್ಲಿ, ಒಂದು ಕಂಪನಿಯವರು ಏನೋ ಅವಸರದಲ್ಲಿ ನನ್ನನ್ನೇ ಪ್ರೊಡಕ್ಷನ್ ಮ್ಯಾನೇಜರ್ ಮಾಡಿದರು. ಮೂರ್ ಮಾರ್ಕೆಟ್ಟಿಗೆ ಹೋಗಿ ಅಂಥದೇ ಕರಿ ಟೊಪ್ಪಿಗೆ ಕೊಂಡೆ. ಮೊದಲ ಹೊರಾಂಗಣ ಶೂಟಿಂಗಿನಲ್ಲೇ ಪರೀಕ್ಷೆ: ಹಳೆಯ ಮರದ ಸೇತುವೆಯ ಮೇಲೆ ಸ್ಟಂಟಿನವನು ಕುದುರೆ ಓಡಿಸಬೇಕು, ಸೇತುವೆ ತಡೆದೀತೇ? ಟೊಪ್ಪಿಗೆ ತೆಗೆದೆ. ಒಳಗೆ ನೋಡಿದೆ. ಹಾಕಿದೆ. ಬಡಗಿಯನ್ನು ಕೇಳಿದೆ, ಕುದುರೆಯವನನ್ನು ಕೇಳಿದೆ, ಇಬ್ಬರನ್ನೂ ಒಟ್ಟಿಗೆ ಕೇಳಿದೆ, ಮತ್ತೆ ತೆಗೆದೆ. ಅಷ್ಟರಲ್ಲಿ ಸೂರ್ಯ ಮುಳುಗಿದ. ಯಾರಿಗೂ ಏಟಾಗದ ಆ ನಿರ್ಧಾರದ ಕೀರ್ತಿ ಸೂರ್ಯನಿಗೇ ಸಲ್ಲಬೇಕು.

ಚಿರತೆಯ ಕಥೆ ಮಾತ್ರ ಬೋನಿನ ಬಾಗಿಲು ಬಿದ್ದಲ್ಲಿಗೆ ಮುಗಿಯಲಿಲ್ಲ. ಕ್ಯಾಮರಾ ಓಡಿತ್ತಲ್ಲ, ಆ ಫಿಲ್ಮಿನ ಚೂರನ್ನು ಲ್ಯಾಬಿನಲ್ಲಿ ತೊಳೆದು ತಂದರು. ಪ್ರೊಜೆಕ್ಷನ್ ಕೋಣೆಯಲ್ಲಿ ನಾವು ಕೆಲವರೇ ಕೂತಿದ್ದೆವು. ಮೊದಲು ಪರದೆಯ ತುಂಬ ನನ್ನ ಬೆನ್ನು. ಷರಾಯಿಯೊಳಗೆ ಕಾಲು ಒಗೆಯುವ ಬಟ್ಟೆಯಂತೆ ಅಲ್ಲಾಡುತ್ತಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ನಾನು ಪಕ್ಕಕ್ಕೆ ವಾಲಿದೆ. ನನ್ನ ಹಿಂದೆ ಶಾಂತಕ್ಕನ ಮುಖ ಕಂಡಿತು.

ಕಾಲಬುಡದಲ್ಲಿ ಚಿರತೆ. ಅವರು ಅದನ್ನು ನೋಡುತ್ತಿರಲಿಲ್ಲ. ಕ್ಯಾಮರಾದ ಪಕ್ಕಕ್ಕೆ, ಮಾಸ್ತರು ನಿಂತಿದ್ದ ಜಾಗವನ್ನು ನೋಡುತ್ತಿದ್ದರು. ಆ ಕಣ್ಣಲ್ಲಿದ್ದದ್ದು ಹೆದರಿಕೆಯಾಗಿದ್ದರೆ ನಾವು ನೋಡಿ ತಡೆದುಕೊಳ್ಳಬಹುದಿತ್ತು. ಅದು ಹೆದರಿಕೆಯಾಗಿರಲಿಲ್ಲ.

ನಗು ನಿಂತಿತು.

“ಇದನ್ನೇ ಹಾಕಿ ಸಾರ್,” ಎಂದರು ಹಂಚಿಕೆದಾರರ ಕಡೆಯವರು. “ಇಂಥ ನಟನೆ ದುಡ್ಡು ಕೊಟ್ಟರೂ ಬರಲ್ಲ.”

ಮಾಸ್ತರು ಟೊಪ್ಪಿಗೆ ತೆಗೆದರು. ಈ ಸಲ ಒಳಗೆ ನೋಡಿದರು. “ಬ್ಯಾಡ,” ಎಂದರು.

“ಯಾಕ ಬ್ಯಾಡ?” ಹಿಂದಿನ ಸಾಲಿನಿಂದ ಶಾಂತಕ್ಕ. “ನಟನೆ ಸರಿ ಬಂದಿಲ್ಲೇನು? ಹಾಕ್ರಿ. ಮಂದಿ ನೋಡ್ಲಿ. ನೀವೂ ನೋಡ್ರಿ.”

ನನ್ನ ಬೆನ್ನನ್ನು ಕತ್ತರಿಸಿ ಉಳಿದದ್ದನ್ನು ಹಾಕಿದರು.

ಪಿಕ್ಚರು ಬೆಂಗಳೂರಿನಲ್ಲಿ ಬಿಡುಗಡೆಯಾದಾಗ ಮೊದಲ ಆಟಕ್ಕೆ ನಾವೆಲ್ಲ ಹೋಗಿದ್ದೆವು. ಆಶ್ರಮದ ದೃಶ್ಯ ಬರುತ್ತಲೇ ಮಾಸ್ತರು ಎದ್ದು ಹೊರಗೆ ನಡೆದರು. ಅವರಿಗೆ ಜೊತೆಯಾಗಲು ಎಂಬ ನೆವದಲ್ಲಿ ನಾನೂ ಎದ್ದೆ. ನನಗೂ ಆ ಕಣ್ಣುಗಳ ಎದುರು ಎರಡನೆಯ ಸಲ ನಿಲ್ಲುವ ಧೈರ್ಯವಿರಲಿಲ್ಲ. ಟಾಕೀಸಿನ ವರಾಂಡದಲ್ಲಿ, ಮುಚ್ಚಿದ ಬಾಗಿಲ ಈಚೆ ನಿಂತೆವು. ಅವರ ಟೊಪ್ಪಿಗೆ ಕೈಯಲ್ಲಿತ್ತು. ಒಳಗೆ ಜನ ಉಸಿರು ಬಿಗಿಹಿಡಿದದ್ದು ಹೊರಗೂ ತಿಳಿಯುತ್ತಿತ್ತು. ಆಮೇಲೆ ಚಪ್ಪಾಳೆ ಬಿತ್ತು.

“ಮುಗೀತೇನು?” ಎಂದು ಕೇಳಿದರು.

ನನಗೆ ಹೇಗೆ ಗೊತ್ತಿರಬೇಕು? ಬಾಗಿಲು ತೆರೆದು ನೋಡಬಹುದಿತ್ತು. ತೆರೆಯಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅದು ಒಳಗಿನಿಂದ ತೆರೆಯಿತು. ಶಾಂತಕ್ಕ ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಂತಿದ್ದರು.

“ಚಿರತಿ ಹೋತು,” ಎಂದರು. “ಒಳಗ ಬರ್ರಿ.”

ಮಾಸ್ತರು ಟೊಪ್ಪಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಹೆಂಡತಿ ಹಿಡಿದಿದ್ದ ಬಾಗಿಲಿನಿಂದ ಒಳಗೆ ಹೋದರು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಎಲ್ಲ ಟಾಕೀಸಿನಲ್ಲೂ ನನ್ನ ಜಾಗ ಅದೇ.